ಒಂದು ಕುರ್ಚಿ, ನಾಲ್ಕು ಊರು

2024ರಲ್ಲಿ ಒಂದು ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಪಕ್ಕದ ಮನೆ ಹುಡುಗ ಸಿಕ್ಕಿದ. ಇಲ್ಲೇ ಸಿಯಾಟಲಿನ ವಾಷಿಂಗ್ಟನ್ ಯೂನಿವರ್ಸಿಟಿಯಲ್ಲಿ ಓದುತ್ತಿದ್ದ. ತಲೆ ಮೇಲೆ ನೇರಳೆ ಟೋಪಿ, ಅದರಲ್ಲಿ ಚಿನ್ನದ ಬಣ್ಣದ ದೊಡ್ಡ ಡಬ್ಲ್ಯೂ. ಮುಖ ಬಾಡಿತ್ತು.

"ಕೋಚ್ ಹೋಗಿಬಿಟ್ರು ಆಂಟಿ" ಅಂದ.

ಆ ವರ್ಷದ ಜನವರಿ 8ಕ್ಕೆ ಅಮೆರಿಕನ್ ಫುಟ್‌ಬಾಲಿನ ಕಾಲೇಜು ಫೈನಲ್. ವಾಷಿಂಗ್ಟನ್‌ನವರು ಮಿಷಿಗನ್ ಎದುರು 34-13ರಲ್ಲಿ ಸೋತರು. 10ಕ್ಕೆ ಅಲಬಾಮಾ ಯೂನಿವರ್ಸಿಟಿಯ ಕೋಚ್ ನಿಕ್ ಸೇಬನ್ ನಿವೃತ್ತಿ. 17 ಸೀಸನ್, 6 ರಾಷ್ಟ್ರೀಯ ಪ್ರಶಸ್ತಿ! ಅಂಥ ಕುರ್ಚಿಗೆ ಕರೆದರೆ ಯಾರು ತಾನೇ ಬೇಡ ಅಂತಾರೆ? 12ಕ್ಕೆ ನಮ್ಮ ಕೋಚ್ ಕೇಲನ್ ಡಿಬೋರ್ ಅಲಬಾಮಾ ಯೂನಿವರ್ಸಿಟಿಯ ಊರು ಟಸ್ಕಲೂಸಾದ ಪಾಲಾದರು.

ವಾಷಿಂಗ್ಟನ್‌ನವರು ಅರಿಜೋನಾ ಯೂನಿವರ್ಸಿಟಿಯಿಂದ ಕೋಚ್ ಜೆಡ್ ಫಿಶ್ ಅವರನ್ನು ಕರೆತಂದರು. ಅರಿಜೋನಾದವರು ಸ್ಯಾನ್ ಹೋಸೆ ಸ್ಟೇಟ್ ಯೂನಿವರ್ಸಿಟಿಯ ಕೋಚನ್ನೇ ಎಬ್ಬಿಸಿಕೊಂಡು ಹೋದರು. ಒಂದು ಕುರ್ಚಿ ಖಾಲಿಯಾಗಿದ್ದಕ್ಕೆ ನಾಲ್ಕು ಊರು ಅಲ್ಲಾಡಿತು.

ನನಗೆ ಜಾಸ್ತಿ ಕಾಡಿದ್ದು ಆಡುವ ಹುಡುಗರು. ಇಲ್ಲಿ ಕೋಚ್‌ಗಳು ಮನೆಗೇ ಬರುತ್ತಾರೆ. ಸೋಫಾದಲ್ಲಿ ಕೂತು, ಅಪ್ಪ ಅಮ್ಮನ ಹತ್ತಿರ ಮಾತಾಡಿ, ಹದಿನೇಳು ಹದಿನೆಂಟರ ಮಗನನ್ನು ಕರೆದುಕೊಳ್ಳುತ್ತಾರೆ. ಆ ಮನೆಯವರು ನಂಬಿ ಕಳಿಸಿದ್ದು ಒಬ್ಬ ಮನುಷ್ಯನನ್ನು ನೋಡಿ, ಅಲ್ವಾ? ಆಮೇಲೆ ನೋಡಿದರೆ ಅವರೇ ಇಲ್ಲ. ಬೇರೆ ಕಾಲೇಜಿಗೆ ಹೋಗಲು ಹೆಸರು ಕೊಡೋಕೆ ಆಗ ಹುಡುಗರಿಗೆ 30 ದಿನ ಇತ್ತು.

ಡಿಬೋರ್ ಮಾಡಿದ್ದು ತಪ್ಪು ಅನ್ನಲಾರೆ. ಆದರೆ ಕೋಚ್ ಹುಡುಕುವಾಗ ಆ ಹುಡುಗರನ್ನೂ ಕೂರಿಸಿಕೊಂಡು ಒಂದು ಮಾತು ಕೇಳಬೇಕು ಅಂತ ನನಗೆ ನಿಜವಾಗಿಯೂ ಅನಿಸುತ್ತದೆ.