ದಿನಕ್ಕೆ ನೂರು ಸಲ

ಶೌಚಾಲಯದಿಂದ ಬಂದು ಕೈ ತೊಳೆದ ಮೇಲೆ ಹೇಳುವ ಪ್ರಾರ್ಥನೆಯೊಂದು ಯಹೂದಿ ಸಂಪ್ರದಾಯದಲ್ಲಿದೆ. ಹೆಸರು ‘ಆಶೆರ್ ಯತ್ಸಾರ್’. ದೇವರು ಮನುಷ್ಯನ ಮೈಯಲ್ಲಿ ಎಷ್ಟೋ ರಂಧ್ರಗಳನ್ನು, ಎಷ್ಟೋ ನಾಳಗಳನ್ನು ಇಟ್ಟಿದ್ದಾನೆ. ತೆರೆದಿರಬೇಕಾದದ್ದು ಒಂದು ಕಟ್ಟಿಕೊಂಡರೂ, ಮುಚ್ಚಿರಬೇಕಾದದ್ದು ಒಂದು ಒಡೆದರೂ ಬದುಕಿ ಅವನೆದುರು ನಿಲ್ಲಲಾರೆವು ಎಂಬುದು ಅದರ ತಿರುಳು. ಓದಿದಾಗ ಮೈ ಜುಮ್ಮೆಂದಿತು. ಅಪ್ಪ ಡಯಾಲಿಸಿಸ್‌ನಲ್ಲಿದ್ದಾಗ ಅಮ್ಮ ಅವರ ಮೂತ್ರವನ್ನು ಅಳತೆಯ ಲೋಟದಲ್ಲಿ ನೋಡಿ, ಹಳೆಯ ಡೈರಿಯಲ್ಲಿ ಬರೆದಿಡುತ್ತಿದ್ದರು. ಅಂಕಿ ತುಸು ಏರಿದ ದಿನ ಮನೆಯಲ್ಲಿ ಎಲ್ಲರ ಮುಖವೂ ಅರಳುತ್ತಿತ್ತು. ಇಂಥದ್ದಕ್ಕೂ ಕೃತಜ್ಞತೆ ಸಲ್ಲಬೇಕೆಂದು ಯಹೂದಿಗಳ ಪ್ರಾಚೀನ ಧರ್ಮಗ್ರಂಥವಾದ ತಾಲ್ಮುಡ್‌ನ ಕಾಲದವರಿಗೇ ಹೊಳೆದಿತ್ತಲ್ಲ!

ದಿನಕ್ಕೆ 100 ಸ್ತುತಿಗಳನ್ನು ಹೇಳಬೇಕು ಎಂದವರು ಆ ಕಾಲದ ಧರ್ಮಗುರು ರಬ್ಬಿ ಮೇಯಿರ್. ರೊಟ್ಟಿಗೊಂದು, ಹಣ್ಣಿಗೊಂದು, ಗುಡುಗಿಗೊಂದು, ಕಾಮನಬಿಲ್ಲಿಗೊಂದು. ಕಣ್ಣು ಬಿಟ್ಟೊಡನೆ, ಇನ್ನೂ ಕೈ ತೊಳೆಯುವ ಮುನ್ನ, ಪ್ರಾಣವನ್ನು ಮರಳಿ ಕೊಟ್ಟದ್ದಕ್ಕೆ ‘ಮೋದೆ ಅನಿ’ ಎಂಬ ಪ್ರಾರ್ಥನೆ. ಅನಂತರದ ಬೆಳಗಿನ ಪ್ರಾರ್ಥನೆಯಲ್ಲಿ ಬರುವ ಮಾತು ನನಗೆ ಎಲ್ಲಕ್ಕಿಂತ ಇಷ್ಟ: ದೇವರು ತನ್ನ ಒಳ್ಳೆಯತನದಿಂದ ಪ್ರತಿದಿನವೂ, ಎಡೆಬಿಡದೆ, ಸೃಷ್ಟಿಯನ್ನು ಹೊಸದಾಗಿಸುತ್ತಾನೆ. ಎಂದೋ ಮಾಡಿ ಮುಗಿಸಿದ ಲೋಕವಲ್ಲ ಇದು. ಹಾಗೆ ನಂಬಿದವರಿಗೆ ನಿನ್ನೆಯ ಸ್ತುತಿ ಇಂದಿಗೆ ಸಾಕಾಗುವುದಾದರೂ ಹೇಗೆ?

ಇಷ್ಟು ಸಾಲದೆಂಬಂತೆ, 28 ವರ್ಷಗಳಿಗೊಮ್ಮೆ ಬೆಳಿಗ್ಗೆ ಬಯಲಿನಲ್ಲಿ ನಿಂತು ಸೂರ್ಯನನ್ನು ಕಂಡು ಹೇಳುವ ಸ್ತುತಿಯೂ ಇದೆ. ಕಳೆದ ಸಲ ಅದು 2009ರ ಏಪ್ರಿಲ್ 8ರಂದು ನಡೆಯಿತು, ಮುಂದಿನದು 2037ರಲ್ಲಿ.