ಎಷ್ಟು ಉರಿದರೆ ನ್ಯಾಯ? ಗೋಧಿ ಬರ್ಬನ್‌ಗೆ ಅಂಕ ಹಾಕುವ ಕೆಲಸ

ಬ್ಯಾರೆಲ್ ಪ್ರೂಫ್, ಅಂದರೆ ಮಾಗಿದ ಪಾತ್ರೆಯಿಂದ ತೆಗೆದು ಹೆಚ್ಚುಕಡಿಮೆ ನೀರು ಬೆರೆಸದೆ ಬಾಟಲಿಗೆ ತುಂಬಿದ ಬರ್ಬನ್ ವಿಸ್ಕಿಯ ಮೊದಲ ಗುಟುಕಿಗೆ ನಮ್ಮ ಲ್ಯಾಬಿನಲ್ಲಿ ಯಾರೂ ಅಂಕ ಹಾಕುವ ಹಾಗಿಲ್ಲ. ಪೆನ್ನು ಮುಟ್ಟುವ ಹಾಗೂ ಇಲ್ಲ. ಆ ಗುಟುಕು ಬಾಯನ್ನು ಎಬ್ಬಿಸುವುದಕ್ಕೆ ಅಷ್ಟೇ. ಉಗುಳಿ, ಉಪ್ಪಿಲ್ಲದ ಬಿಸ್ಕೆಟ್ ಒಂದು ಚೂರು ತಿಂದು, ನೀರು ಕುಡಿದು, ಒಂದೆರಡು ನಿಮಿಷ ಸುಮ್ಮನೆ ಕೂತು ಆಮೇಲೆ ನಿಜವಾದ ಸ್ಯಾಂಪಲ್‌ಗೆ ಕೈ ಹಾಕಬೇಕು. ರುಚಿ ನೋಡಿ ಅಂಕ ಹಾಕುವ ನಮ್ಮ ಪ್ಯಾನಲ್‌ಗೆ ಹೊಸದಾಗಿ ಸೇರಿದವರಿಗೆ ಇದೆಲ್ಲ ಶಾಸ್ತ್ರಕ್ಕೆ ಮಾಡಿದಂತೆ ಕಾಣುತ್ತೆ. ಆದರೆ 61% ಮದ್ಯಸಾರ ನಾಲಿಗೆಗೆ ಬಿದ್ದ ಆ ಕ್ಷಣದಲ್ಲಿ ಮಾತಾಡುವುದು ಬಾಯಿಯ ನರಗಳು. ವಿಸ್ಕಿಗೆ ಮಾತಾಡುವ ಸರದಿ ಬರುವುದು ಆಮೇಲೆ.

ನಾನು ಅಮೆರಿಕದ ಕೆಂಟಕಿಯ ಒಂದು ಡಿಸ್ಟಿಲರಿಯಲ್ಲಿ ರುಚಿ, ವಾಸನೆ ಅಳೆಯುವ ಸೆನ್ಸರಿ ಲ್ಯಾಬಿನಲ್ಲಿದ್ದೇನೆ. ಮೈಸೂರಿನಲ್ಲಿ ಫುಡ್ ಟೆಕ್ನಾಲಜಿ ಓದುವಾಗ ಕಾಫಿಗೆ, ಮಾವಿನ ರಸಕ್ಕೆ, ಸಾಂಬಾರ್ ಪುಡಿಗೆ ಅಂಕ ಹಾಕಿ ಕಲಿತ ವಿದ್ಯೆಯೇ ಇಲ್ಲಿ ಹೊಟ್ಟೆಪಾಡಾಗಿದೆ. ಮಗ ಏನು ಕೆಲಸ ಮಾಡ್ತಾನೆ ಅಂತ ಊರಲ್ಲಿ ಯಾರಾದರೂ ಕೇಳಿದರೆ ಅಮ್ಮ "ಆಹಾರ ಪರೀಕ್ಷೆ ಮಾಡ್ತಾನೆ" ಅಂತ ಹೇಳಿ ಮಾತು ಬೇರೆ ಕಡೆ ತಿರುಗಿಸಿಬಿಡುತ್ತಾರೆ.

ಬರ್ಬನ್ ಅಂದರೆ ಬಿಸ್ಕೆಟ್ ನೆನಪಾಗುವವರಿಗೆ ಎರಡು ಮಾತು. ಅಮೆರಿಕದ ಕಾನೂನಿನ ಪ್ರಕಾರ ಬರ್ಬನ್‌ನಲ್ಲಿ ಕನಿಷ್ಠ 51% ಮುಸುಕಿನ ಜೋಳ ಇರಬೇಕು, ಒಳಮೈ ಸುಟ್ಟ ಹೊಸ ಓಕ್ ಮರದ ಪಾತ್ರೆಯಲ್ಲೇ ಮಾಗಬೇಕು, ಬಣ್ಣವನ್ನೂ ಸುವಾಸನೆಯನ್ನೂ ಹೊರಗಿನಿಂದ ಸೇರಿಸುವಂತಿಲ್ಲ. ಹೊಸ ಪಾತ್ರೆಯೇ ಬೇಕು ಅಂತ ಇರುವುದರಿಂದ ಒಮ್ಮೆ ಬಳಸಿದ ಬ್ಯಾರೆಲ್‌ಗಳು ಸ್ಕಾಟ್ಲೆಂಡಿಗೂ ಹೋಗುತ್ತವೆ, ಬೆಂಗಳೂರಿನ ಅಮೃತ್ ಡಿಸ್ಟಿಲರಿಗೂ ಹೋಗುತ್ತವೆ. ಜೋಳದ ಜೊತೆ ಸ್ವಲ್ಪ ಬಾರ್ಲಿ ಮಾಲ್ಟ್ ಇರುತ್ತೆ. ಉಳಿದ ಜಾಗಕ್ಕೆ ಸಾಮಾನ್ಯವಾಗಿ ರೈ ಅನ್ನುವ ಧಾನ್ಯ ಬರುತ್ತೆ. ರೈ ಬದಲು ಗೋಧಿ ಹಾಕಿದರೆ ಅದು ಗೋಧಿ ಬರ್ಬನ್, ಇಲ್ಲಿಯವರ ಬಾಯಲ್ಲಿ 'ವೀಟೆಡ್' ಅಥವಾ ಸುಮ್ಮನೆ 'ವೀಟರ್'. ಮೇಕರ್ಸ್ ಮಾರ್ಕ್ ಅನ್ನುವ ಗೋಧಿ ಬರ್ಬನ್‌ನವರ ಅಳತೆ ಶೇಕಡಾ ಲೆಕ್ಕದಲ್ಲಿ ಜೋಳ 70, ಗೋಧಿ 16, ಬಾರ್ಲಿ ಮಾಲ್ಟ್ 14. ಹೆವನ್ ಹಿಲ್ ಕಂಪನಿಯವರ ಲಾರ್ಸನಿ ಅನ್ನುವ ಗೋಧಿ ಬರ್ಬನ್‌ನಲ್ಲಿ 68, 20, 12. ಇನ್ನು ಪ್ರೂಫ್ ಲೆಕ್ಕ: ಇಲ್ಲಿ ಮದ್ಯಸಾರದ ಶೇಕಡಾವನ್ನು ಎರಡರಿಂದ ಗುಣಿಸಿದರೆ ಪ್ರೂಫ್. ನಮ್ಮ ಕಡೆ ಬಾಟಲಿ ಮೇಲೆ 42.8% ಪಕ್ಕ 75 ಅಂತ ಇರುವುದು ಹಳೇ ಬ್ರಿಟಿಷ್ ಲೆಕ್ಕ, ಅದನ್ನು ಇಲ್ಲಿಗೆ ತರಬೇಡಿ.

ಗೋಧಿ ಬರ್ಬನ್ ಅಂದ ಕೂಡಲೇ ಎಲ್ಲರೂ ಹೇಳುವುದು "ಮೃದು, ಸಿಹಿ" ಅಂತ. ಈ ಮಾತು ನನಗೆ ಅರ್ಧವೇ ಒಪ್ಪಿಗೆ. ಗೋಧಿ ತಾನಾಗಿ ಸಿಹಿ ತಂದು ಸುರಿಯುವುದಿಲ್ಲ. ರೈ ಹೋದಾಗ ಅದರ ಕರಿಮೆಣಸು, ಪುದೀನ, ಲವಂಗದ ಗದ್ದಲವೂ ಹೋಗುತ್ತೆ. ಆಗ ಜೋಳದ ಸಿಹಿ, ಓಕ್‌ನ ವೆನಿಲ್ಲಾ, ಕೊಬ್ಬರಿಯಂಥ ವಾಸನೆ ಕಣ್ಣಿಗೆ ಬೀಳುವಷ್ಟು ಮುಂದೆ ಬರುತ್ತವೆ. ತೊಂದರೆ ಏನೆಂದರೆ, ಅವುಗಳ ಜೊತೆಗೆ ದೋಷಗಳೂ ಮುಂದೆ ಬರುತ್ತವೆ. ರೈ ಬರ್ಬನ್‌ನಲ್ಲಿ ಮದ್ಯಸಾರದ ಉರಿ ಮಸಾಲೆಯ ಜೊತೆ ಬೆರೆತುಹೋಗುತ್ತೆ, ಕುಡಿಯುವವನು ಖಾರ ಅಂದುಕೊಂಡು ಕ್ಷಮಿಸುತ್ತಾನೆ. ಗೋಧಿಯಲ್ಲಿ ಆ ಮರೆ ಇಲ್ಲ. 45% ಇರುವ ಬಾಟಲಿಯಲ್ಲಿ ಇದು ಗೊತ್ತೇ ಆಗುವುದಿಲ್ಲ, 60% ದಾಟಿದರೆ ಎಲ್ಲವೂ ಬಯಲು. ಹೀಗಾಗಿ ಪ್ಯಾನಲ್‌ಗೆ ಅತಿ ಕಷ್ಟದ ದಿನ ಅಂದರೆ ಹೈ ಪ್ರೂಫ್ ವೀಟರ್ ಇರುವ ದಿನ.

ಉರಿಯ ವಿಷಯಕ್ಕೆ ಬರುತ್ತೇನೆ, ಈ ಬರಹದ ತಿರುಳೇ ಅದು. 2002ರಲ್ಲಿ ನೇಚರ್ ನ್ಯೂರೋಸೈನ್ಸ್ ಪತ್ರಿಕೆಯಲ್ಲಿ ಒಂದು ಸಂಶೋಧನೆ ಬಂತು. ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ತಟ್ಟುವ, ನರಗಳಲ್ಲಿ ಬಿಸಿ ಗುರುತಿಸುವ ಟಿಆರ್‌ಪಿವಿ1 ಅನ್ನುವ ರಿಸೆಪ್ಟರನ್ನೇ ಮದ್ಯಸಾರವೂ ತಟ್ಟುತ್ತೆ. ಸಾಧಾರಣವಾಗಿ ಸುಮಾರು 42 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗಿದರೆ ಎಚ್ಚೆತ್ತುಕೊಳ್ಳುವ ಅದು, ಮದ್ಯಸಾರ ಇದ್ದಾಗ ಸುಮಾರು 34ಕ್ಕೇ ಏಳುತ್ತೆ. ನಮ್ಮ ಬಾಯಿಯ ಬಿಸಿಯೇ ಅದಕ್ಕಿಂತ ಜಾಸ್ತಿ. ಅಂದರೆ ಆ ಸುಡುವ ಅನುಭವ ರುಚಿಯೂ ಅಲ್ಲ, ವಾಸನೆಯೂ ಅಲ್ಲ. 60% ಇರುವ ಯಾವುದೇ ದ್ರವ ಉರಿಯಲೇಬೇಕು, ಅಷ್ಟು ಉರಿ ಅದರ ಹಕ್ಕು. ನಾವು ತೀರ್ಮಾನಿಸಬೇಕಾದದ್ದು ಅದು ಹಕ್ಕಿಗಿಂತ ಜಾಸ್ತಿ ಉರಿಯುತ್ತಿದೆಯೇ ಅನ್ನುವುದನ್ನು.

ಇದಕ್ಕೆ ನಮ್ಮಲ್ಲಿ ಒಂದು ಸರಳ ಉಪಾಯ ಇದೆ. ಸ್ಯಾಂಪಲ್ 61% ಇದ್ದರೆ, ಅದರ ಪಕ್ಕ ಯಾವ ರುಚಿಯೂ ಇಲ್ಲದ ಶುದ್ಧ ಸ್ಪಿರಿಟ್ಟನ್ನು ನೀರು ಬೆರೆಸಿ ಅದೇ 61%ಕ್ಕೆ ತಂದು ಇಡುತ್ತೇವೆ. ನಾವು ಅದನ್ನು 'ಬ್ಲ್ಯಾಂಕ್' ಅನ್ನುತ್ತೇವೆ. ಉರಿಯ ಅಂಕ ಯಾವಾಗಲೂ ಈ ಬ್ಲ್ಯಾಂಕ್‌ಗೆ ಹೋಲಿಸಿ. ಒಳ್ಳೆಯ ಬ್ಯಾರೆಲ್ ಪ್ರೂಫ್ ವಿಸ್ಕಿ ಬ್ಲ್ಯಾಂಕ್‌ಗಿಂತ ಕಡಿಮೆ ಉರಿಯುತ್ತೆ. ಓಕ್‌ನಿಂದ ಬಂದ ಸಿಹಿ, ಎಣ್ಣೆಯಂಥ ಮಂದ ಮೈ, ಸುವಾಸನೆ ಎಲ್ಲ ಸೇರಿ ಬಾಯಿಯ ಗಮನವನ್ನು ಹಂಚಿಕೊಳ್ಳುತ್ತವೆ. ಬ್ಲ್ಯಾಂಕ್‌ನಷ್ಟೇ ಉರಿದರೆ ಪರವಾಗಿಲ್ಲ ಅನ್ನಬಹುದು. ಅದಕ್ಕಿಂತ ಹೆಚ್ಚು ಉರಿದರೆ ಒಳಗೆ ಇನ್ನೇನೋ ಇದೆ ಅಂತಲೇ ಲೆಕ್ಕ. ದಿನಾ ಊಟದ ಜೊತೆ ಹಸಿಮೆಣಸಿನಕಾಯಿ ಕಚ್ಚುವ ನನ್ನ ಬಾಯಿಗೂ, ಕರಿಮೆಣಸೇ ಖಾರ ಅನ್ನುವ ನನ್ನ ಸಹೋದ್ಯೋಗಿಯ ಬಾಯಿಗೂ ಇದರಿಂದ ಒಂದೇ ಅಳತೆಗೋಲು ಸಿಕ್ಕಂತಾಯಿತು. ನಾನು ಬ್ಲ್ಯಾಂಕ್‌ಗೆ ಐದು ಕೊಡಬಹುದು, ಅವಳು ಒಂಬತ್ತು ಕೊಡಬಹುದು. ಮುಖ್ಯ, ಬ್ಲ್ಯಾಂಕ್‌ಗೂ ಸ್ಯಾಂಪಲ್‌ಗೂ ನಡುವೆ ಇಬ್ಬರು ಹಾಕಿದ ಅಂಕದ ವ್ಯತ್ಯಾಸವೂ ಒಂದೇ ದಿಕ್ಕಿಗೆ ಹೋಗುತ್ತಾ ಅನ್ನುವುದು.

ಉಳಿದ ಕಟ್ಟಳೆಗಳು ಎಲ್ಲ ಸೆನ್ಸರಿ ಲ್ಯಾಬಿನಲ್ಲೂ ಇರುವಂಥವೇ. ಗ್ಲಾಸಿಗೆ ಮೂರಂಕಿಯ ಸಂಕೇತ, ಒಬ್ಬೊಬ್ಬರಿಗೆ ಗ್ಲಾಸುಗಳ ಒಂದೊಂದು ಕ್ರಮ, ಊಟಕ್ಕೆ ಮೊದಲು ಕೂರುವುದು, ಸೆಂಟ್ ಹಾಕಿಕೊಂಡು ಬರಬಾರದು, ಕಾಫಿ ಕುಡಿದು ಬರಬಾರದು (ಈ ಕೊನೆಯದಕ್ಕೆ ನನ್ನ ವಿರೋಧ ದಾಖಲೆಯಲ್ಲಿದೆ). ಬಣ್ಣ ಕಾಣದಂತೆ ಕೆಂಪು ದೀಪ ಹಾಕುತ್ತೇವೆ. ಗಾಢ ಬಣ್ಣ ನೋಡಿ ವಿಸ್ಕಿ ಹಳೆಯದು, ಒಳ್ಳೆಯದು ಅನ್ನುವುದು ಬ್ಯಾಡಗಿ ಮೆಣಸಿನಕಾಯಿಯ ಕೆಂಪು ನೋಡಿ ಖಾರ ಲೆಕ್ಕ ಹಾಕಿದ ಹಾಗೆ. ಎರಡು ಬ್ಯಾಚ್ (ಒಂದೊಂದೂ ಹಲವು ಬ್ಯಾರೆಲ್ ಬೆರೆಸಿ ಮಾಡಿದ್ದು) ಬೇರೆ ಬೇರೆಯೇ ಅಂತ ತಿಳಿಯಬೇಕಾದರೆ ಮೂರು ಗ್ಲಾಸ್ ಕೊಟ್ಟು, ಎರಡು ಒಂದೇ, ಬೇರೆಯದನ್ನು ಹುಡುಕಿ ಅನ್ನುತ್ತೇವೆ. ಕಣ್ಣು ಮುಚ್ಚಿ ಹೇಳಿದರೂ ಮೂವರಲ್ಲಿ ಒಬ್ಬರದು ಸರಿಯಾಗುತ್ತೆ. ಹಾಗಾಗಿ 24 ಉತ್ತರಗಳಲ್ಲಿ ಕನಿಷ್ಠ 13 ಸರಿ ಬರದಿದ್ದರೆ ವ್ಯತ್ಯಾಸ ಇದೆ ಅಂತ ಬರೆಯುವುದಿಲ್ಲ.

ಮೂಸುವುದು ಬೇರೆ ಕಥೆ. ಹೈ ಪ್ರೂಫ್ ಗ್ಲಾಸಿಗೆ ಮೂಗು ಇಳಿಸಿ ಜೋರಾಗಿ ಎಳೆದರೆ ಆಮೇಲೆ ಅರ್ಧ ಗಂಟೆ ಮೂಗು ಕೆಲಸಕ್ಕೆ ಬರಲ್ಲ. ಬಾಯಿ ಸ್ವಲ್ಪ ತೆರೆದಿಟ್ಟು, ಗ್ಲಾಸನ್ನು ಗಲ್ಲದ ಹತ್ತಿರ ಹಿಡಿದು, ವಾಸನೆ ತಾನಾಗಿ ಬರಲಿ ಅಂತ ಬಿಡಬೇಕು. ದೋಷ ಹುಡುಕುವಾಗಲಂತೂ ಒಂದು ಪಾಲು ವಿಸ್ಕಿಗೆ ಎರಡು ಪಾಲು ನೀರು ಹಾಕಿ ಸುಮಾರು 20%ಕ್ಕೆ ಇಳಿಸಿಯೇ ಮೂಸುತ್ತೇವೆ. ಸ್ಕಾಚ್ ವಿಸ್ಕಿ ಬೆರೆಸುವ ಪರಿಣತರದ್ದೂ ಇದೇ ಪದ್ಧತಿ. ನೀರು ಬೆರೆತರೆ ವಾಸನೆ ಯಾಕೆ ತೆರೆದುಕೊಳ್ಳುತ್ತೆ ಅನ್ನುವುದಕ್ಕೆ ಸ್ವೀಡನ್ನಿನ ಲಿನಿಯಸ್ ವಿಶ್ವವಿದ್ಯಾಲಯದ ಇಬ್ಬರು 2017ರಲ್ಲಿ ಕಂಪ್ಯೂಟರ್ ಮಾದರಿ ಕಟ್ಟಿ ತೋರಿಸಿದರು. ಹೊಗೆಯ ವಾಸನೆ ಕೊಡುವ ಗ್ವಾಯಕಾಲ್ ಅನ್ನುವ ಅಣು ಸುಮಾರು 45%ವರೆಗೆ ದ್ರವದ ಮೇಲ್ಪದರದಲ್ಲಿ ಇರುತ್ತೆ, 59% ದಾಟಿದರೆ ಮದ್ಯಸಾರದ ಅಣುಗಳು ಅದನ್ನು ಸುತ್ತುವರಿದು ಒಳಗೆ ಹಿಡಿದಿಟ್ಟುಕೊಳ್ಳುತ್ತವೆ. ನೀರು ಹಾಕಿದರೆ ವಿಸ್ಕಿ ಹಾಳು ಅನ್ನುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ, ಅವರ ಗ್ಲಾಸು ಅವರದು. ನೀರು ಹಾಕದೆ ತೀರ್ಪು ಕೊಡುತ್ತೇನೆ ಅಂದರೆ ಮಾತ್ರ ನಮ್ಮ ಲ್ಯಾಬಿನಲ್ಲಿ ಕುರ್ಚಿ ಇಲ್ಲ.

ಇದು ಕೆಲಸಕ್ಕೆ ಬಂದ ಒಂದು ಸಂದರ್ಭ ಹೇಳುತ್ತೇನೆ. ಗೋಧಿ ಬರ್ಬನ್ನಿನ ಒಂದು ಬ್ಯಾರೆಲ್ ಪ್ರೂಫ್ ಬ್ಯಾಚ್ ಪ್ಯಾನಲ್‌ಗೆ ಬಂತು. ಮಟ್ಟ 65%ರ ಆಸುಪಾಸು. ನೀರಿಲ್ಲದೆ ರುಚಿ ನೋಡಿದಾಗ ಅಂಕಗಳು ಎರಡು ಗುಂಪಾಗಿ ಒಡೆದವು. ಒಂದು ಗುಂಪಿಗೆ "ದಟ್ಟ, ಗಟ್ಟಿ, ಅದ್ಭುತ", ಇನ್ನೊಂದಕ್ಕೆ "ಒರಟು". ಸರಾಸರಿ ತೆಗೆದರೆ 'ಚೆನ್ನಾಗಿದೆ' ಅಂತ ಬರುತ್ತಿತ್ತು. ಅಂಥ ಸರಾಸರಿ ಯಾರ ಅಭಿಪ್ರಾಯವನ್ನೂ ಹೇಳುವುದಿಲ್ಲ.

20%ಕ್ಕೆ ಇಳಿಸಿದೆವು. ಉರಿ ಹೋಯಿತು, ವಾಸನೆ ಉಳಿಯಿತು: ಕಾಕಂಬಿ, ಕೊಬ್ಬರಿ, ಹುರಿದ ಕಡಲೆಕಾಯಿ, ಇವುಗಳ ಹಿಂದೆ ತೆಳ್ಳಗೆ ನೇಲ್ ಪಾಲಿಶ್ ರಿಮೂವರ್. ಅದು ಈಥೈಲ್ ಅಸಿಟೇಟ್. ಸ್ವಲ್ಪ ಇದ್ದರೆ ಹಣ್ಣಿನ ವಾಸನೆಗೆ ಮೆರುಗು, ಮಿತಿ ಮೀರಿದರೆ ಮೂಗಿಗೆ ಚುಚ್ಚುತ್ತೆ. ಜೊತೆಗೆ ಹಸಿ ಹಲಗೆಯ ಒಗರು. ಬ್ಲ್ಯಾಂಕ್ ಪಕ್ಕ ಇಟ್ಟು ನೋಡಿದರೆ ಎರಡೂ ಗುಂಪಿನವರ ಬಾಯಲ್ಲೂ ಬ್ಯಾಚ್ ಬ್ಲ್ಯಾಂಕ್‌ಗಿಂತ ಹೆಚ್ಚು ಉರಿಯುತ್ತಿತ್ತು. "ಗಟ್ಟಿ" ಅಂದವರು ಮೆಚ್ಚಿದ್ದು ಮರದಿಂದ ಬರುವ ಟ್ಯಾನಿನ್ನಿನ ಒಗರು ವಸಡು ಹಿಡಿದುಕೊಂಡ ಅನುಭವವನ್ನು.

ಒಂದೊಂದೇ ಬ್ಯಾರೆಲ್ ತೆಗೆದು ನೋಡಿದಾಗ ದೋಷ ಇದ್ದದ್ದು ಉಗ್ರಾಣದ ಮೇಲಂತಸ್ತಿನ ಕೆಲವು ಬ್ಯಾರೆಲ್‌ಗಳಲ್ಲಿ. ಕೆಂಟಕಿಯ ಬಹುಮಹಡಿ ಉಗ್ರಾಣಗಳಲ್ಲಿ ಬೇಸಿಗೆಯ ಶಾಖ ಮೇಲೆ ಹೋಗಿ ಕೂರುತ್ತೆ. ಅಲ್ಲಿ ಮದ್ಯಸಾರಕ್ಕಿಂತ ನೀರು ಬೇಗ ಆವಿಯಾಗಿ ವರ್ಷದಿಂದ ವರ್ಷಕ್ಕೆ ಪ್ರೂಫ್ ಏರುತ್ತೆ, ಮರದ ಸಾರವೂ ಜಾಸ್ತಿ ಇಳಿಯುತ್ತೆ. ಬ್ಯಾರೆಲ್‌ಗೆ ತುಂಬುವಾಗಿನ ಮಟ್ಟವೂ ಇಲ್ಲಿ ಮುಖ್ಯ. ಹಿಂದೆ ಅದಕ್ಕೆ 110 ಪ್ರೂಫ್ ಮಿತಿ ಇತ್ತು, 1962ರಲ್ಲಿ 125ಕ್ಕೆ ಏರಿಸಿದರು. ಮೇಕರ್ಸ್ ಮಾರ್ಕ್‌ನವರು ಇವತ್ತಿಗೂ 110ಕ್ಕೇ ತುಂಬುತ್ತಾರೆ. ಕಡಿಮೆಗೆ ತುಂಬಿದರೆ ಒಳಗೆ ನೀರು ಹೆಚ್ಚು, ಓಕ್‌ನ ಸಕ್ಕರೆಗಳು ಹೆಚ್ಚು ಕರಗುತ್ತವೆ. 125ಕ್ಕೆ ತುಂಬಿ ಮೇಲಂತಸ್ತಿಗೆ ಏರಿಸಿದ್ದು ಬೇರೆಯೇ ವಿಸ್ಕಿ.

'ಬ್ಯಾರೆಲ್ ಪ್ರೂಫ್' ಅಂತ ಲೇಬಲ್‌ನಲ್ಲಿ ಬರೆದ ಮೇಲೆ ನೀರು ಹಾಕಿ ಸರಿಮಾಡುವ ಹಾಗಿಲ್ಲ. ಬ್ಯಾರೆಲ್‌ನಿಂದ ತೆಗೆದಾಗಿನ ಮಟ್ಟಕ್ಕಿಂತ ಎರಡು ಪ್ರೂಫ್ ಡಿಗ್ರಿಗಿಂತ ಹೆಚ್ಚು ಇಳಿಯಬಾರದು ಅಂತ ನಿಯಮ. ನಮ್ಮ ಕೈಯಲ್ಲಿ ಉಳಿದದ್ದು ಬ್ಯಾರೆಲ್ ಬದಲಾಯಿಸುವುದೊಂದೇ. ಮೇಲಿನವನ್ನು ಬಿಟ್ಟು ನಡು ಅಂತಸ್ತಿನವನ್ನು ಸೇರಿಸಿ ಅಂತ ಬರೆದುಕೊಟ್ಟೆವು. ಹಾಗೆ ಮಾಡಿದರೆ ಬ್ಯಾಚ್ 130 ಪ್ರೂಫ್ ಸುತ್ತಿನಿಂದ 124ರ ಹತ್ತಿರಕ್ಕೆ ಬರುತ್ತಿತ್ತು.

ಮಾರ್ಕೆಟಿಂಗ್‌ನವರು ಎದ್ದು ನಿಂತರು. ಅವರ ಮಾತೂ ಸುಳ್ಳಲ್ಲ: ಅಂಗಡಿಯಲ್ಲಿ ಜನ ಮೊದಲು ಓದುವುದು ಆ ಸಂಖ್ಯೆಯನ್ನೇ. 140 ಪ್ರೂಫ್ ದಾಟಿದ ಬಾಟಲಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ ಅನ್ನುವುದನ್ನೇ ಬಿರುದು ಮಾಡಿಕೊಂಡು ಅದಕ್ಕೆ 'ಹಜ್‌ಮ್ಯಾಟ್' (ಅಪಾಯಕಾರಿ ಸರಕು) ಅನ್ನುವ ಅಭಿಮಾನಿಗಳಿದ್ದಾರೆ. ನಾನು ಮುಂದಿಟ್ಟ ವಾದ ಲಾರ್ಸನಿಯದು. 2020ರಲ್ಲಿ ವಿಸ್ಕಿ ಅಡ್ವೊಕೇಟ್ ಪತ್ರಿಕೆ ವರ್ಷದ ವಿಸ್ಕಿ ಅಂತ ಆರಿಸಿದ್ದು ಲಾರ್ಸನಿ ಬ್ಯಾರೆಲ್ ಪ್ರೂಫ್‌ನ ಬಿ520 ಬ್ಯಾಚನ್ನು. ಅದು 122.2 ಪ್ರೂಫ್. ಅದೇ ವರ್ಷದ ಎ120 ಬ್ಯಾಚ್ 123.2, ಸಿ920 ಬ್ಯಾಚ್ 122.4. ಮೂರರಲ್ಲಿ ಗೆದ್ದದ್ದು ಅತಿ ಕಡಿಮೆಯದು. ಒಂದು ಪ್ರೂಫ್‌ನ ವ್ಯತ್ಯಾಸದಿಂದ ಏನೂ ಸಾಬೀತಾಗುವುದಿಲ್ಲ ಅಂತ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದರೂ ಆ ಸಾಲು ಮೀಟಿಂಗಿನಲ್ಲಿ ನಮ್ಮ ಅಂಕಪಟ್ಟಿಗಳಿಗಿಂತ ಚೆನ್ನಾಗಿ ಕೆಲಸ ಮಾಡಿತು. ಬ್ಯಾಚ್ 124ರ ಹತ್ತಿರವೇ ಬಾಟಲಿಗೆ ಹೋಯಿತು. ಕೈಬಿಟ್ಟ ಬ್ಯಾರೆಲ್‌ಗಳು 90 ಪ್ರೂಫ್‌ಗೆ ಇಳಿಸುವ ದೊಡ್ಡ ಬ್ಲೆಂಡಿಗೆ ಹೋದವು, ಅಲ್ಲಿ ಅವುಗಳ ಒಗರಿಗೆ ಒಳ್ಳೆಯ ಉಪಯೋಗವಿದೆ.

ಮನೆಯಲ್ಲಿ ಇದನ್ನು ಮಾಡಿ ನೋಡುವುದು ಕಷ್ಟವಲ್ಲ. ಬಾಟಲಿ 60% ಇದ್ದರೆ ಎರಡು ಚಮಚ ಬರ್ಬನ್‌ಗೆ ಒಂದು ಚಮಚ ನೀರು ಹಾಕಿ, ಹೆಚ್ಚುಕಡಿಮೆ 40%ಕ್ಕೆ ಬರುತ್ತೆ. ಪಕ್ಕದಲ್ಲಿ ಸಾದಾ ವೋಡ್ಕಾ ಇಟ್ಟುಕೊಳ್ಳಿ, ಅದೂ ಅಷ್ಟೇ ಮಟ್ಟದ್ದು, ಅದೇ ನಿಮ್ಮ ಬ್ಲ್ಯಾಂಕ್. ನೀರು ಬೆರೆತಾಗ ಗ್ಲಾಸು ಸ್ವಲ್ಪ ಬೆಚ್ಚಗಾಗುತ್ತೆ, ಹಾಗಾಗಿ ಕೆಲವು ನಿಮಿಷ ಬಿಟ್ಟು ರುಚಿ ನೋಡಿ. ಆಗಲೂ ಬರ್ಬನ್ ವೋಡ್ಕಾಕ್ಕಿಂತ ಹೆಚ್ಚು ಉರಿದರೆ ತಪ್ಪು ನಿಮ್ಮ ಬಾಯಿಯದಲ್ಲ, ಎಷ್ಟು ಡಾಲರ್ ಕೊಟ್ಟು ತಂದಿದ್ದರೂ ಸರಿ. ನೀರು ಹಾಕಿದಾಗ ಕೆಲವು ಬಾಟಲಿಗಳು ಮಬ್ಬಾಗುತ್ತವೆ, ಅದಕ್ಕೆ ಹೆದರಬೇಡಿ. ತಣ್ಣಗೆ ಮಾಡಿ ಸೋಸದೆ ಬಿಟ್ಟ ವಿಸ್ಕಿಯಲ್ಲಿ ಎಣ್ಣೆಯಂಶ ಉಳಿದಿರುತ್ತೆ, ಮಬ್ಬು ಅದರದ್ದು.