ಚಿತ್ರದ ಅರ್ಥ ಕೇಳದೆ

ಸಾಗರ
18 ಜುಲೈ 2025, ಶುಕ್ರವಾರ

ಇವತ್ತು ಇಡೀ ದಿನ ಮಳೆ ಬಿಡಲಿಲ್ಲ. ನಾನು ಕೌನ್ಸೆಲಿಂಗ್ ಮಾಡುವ ಕೋಣೆಗೆ ತಗಡಿನ ಮಾಡು. ಮಳೆ ಜೋರಾದರೆ ಎದುರು ಕೂತವರ ಮಾತೇ ಕೇಳುವುದಿಲ್ಲ. ಹಾಗಾಗಿ ಆಷಾಢದಲ್ಲಿ ಇಲ್ಲಿ ಮಾತು ಕಡಿಮೆ, ಕೈಕೆಲಸ ಜಾಸ್ತಿ. ಮೇಜಿನ ಮೇಲೆ ಕ್ರೇಯಾನ್, ಹಳೆ ಪೇಪರ್, ಅಂಟು, ಕತ್ತರಿ. ಕೆಳಗೆ ಬಕೆಟ್‌ನಲ್ಲಿ ಹದ ಮಾಡಿದ ಜೇಡಿಮಣ್ಣು. ಬಂದವರು ಮಾತಾಡಲಿ, ಬಿಡಲಿ, ಕೈಗೆ ಏನಾದರೂ ಸಿಗಬೇಕು ಅನ್ನುವುದು ನನ್ನ ಆಸೆ.

ಬೆಳಗ್ಗೆ ಬಂದವರ ಬಗ್ಗೆ ಬರೆಯುತ್ತೇನೆ. ಅವರನ್ನು ಕೇಳಿ, ಅವರು ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಮಾನಸಿಕ ಚಿಕಿತ್ಸೆ ಪಡೆಯುವವರಿಗೆ ಗೋಪ್ಯತೆಯ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಕೊಟ್ಟಿದೆ. ಆದರೆ ನಮ್ಮಂಥ ಸಣ್ಣ ಊರಿನಲ್ಲಿ ಕಾಯ್ದೆಗಿಂತ ಭಯ ದೊಡ್ಡದು. ಹೊರಗೆ ಯಾರ ಸ್ಕೂಟರ್ ನಿಂತಿದೆ ಎಂದು ನೋಡಿಯೇ ಜನ ಕಥೆ ಕಟ್ಟುತ್ತಾರೆ. ಆ ಭಯ ದಾಟಿ ಒಬ್ಬರು ಬಾಗಿಲವರೆಗೆ ಬಂದಿದ್ದಾರೆ ಅಂದರೆ ಅರ್ಧ ಕೆಲಸ ಅವರೇ ಮಾಡಿ ಮುಗಿಸಿದ್ದಾರೆ.

ಬೆಳಗ್ಗೆ ಬಂದ ಆ ಅಕ್ಕನ ಗಂಡ ತೀರಿಕೊಂಡು ವರ್ಷ ಆಗುತ್ತಾ ಬಂತು. ಅಡುಗೆ ಮಾಡುತ್ತಾರೆ, ಕೊಟ್ಟಿಗೆ ಕೆಲಸ ಮಾಡುತ್ತಾರೆ, ಮಾತು ಮಾತ್ರ ನಿಂತುಹೋಗಿದೆ. ಆಸ್ಪತ್ರೆಯಲ್ಲಿ ತೋರಿಸಿಯಾಯಿತು, ಮೈಯಲ್ಲಿ ಏನೂ ತೊಂದರೆ ಇಲ್ಲ ಅಂದರಂತೆ. ಮಗ ಕರೆದುಕೊಂಡು ಬರುತ್ತಾರೆ, ಹೊರಗೆ ಕಾಯುತ್ತಾರೆ. ಇಷ್ಟು ದಿನ ಅವರು ಬಂದು ಕೂತು ಎದ್ದು ಹೋಗುತ್ತಿದ್ದರು. ನಾನೂ ಸುಮ್ನೆ ಕೂತಿರುತ್ತಿದ್ದೆ.

ಇವತ್ತು ಒಂದು ಬಿಳಿ ಹಾಳೆ ಮುಂದಿಟ್ಟೆ. ನೋಡಿದ ಕೂಡಲೇ ಕೈ ಹಿಂದೆ ಎಳೆದುಕೊಂಡರು. "ನಂಗೆ ಬರಲ್ಲ ತಂಗಿ" ಅಂದರು. ದೊಡ್ಡವರು ಹೆಚ್ಚಿನವರು ಹೀಗೇ ಹೇಳುತ್ತಾರೆ. ಖಾಲಿ ಹಾಳೆ ಅಂದರೆ ಶಾಲೆ, ಮಾರ್ಕ್ಸು, ಬೈಗುಳ. ನಾನು ಹಾಳೆ ಎತ್ತಿಟ್ಟು ಕೇಳಿದೆ, "ಅಕ್ಕಾ, ಭೂಮಿ ಹುಣ್ಣಿಮೆಗೆ ಬುಟ್ಟಿಗೆ ಚಿತ್ತಾರ ಬರೀತಿದ್ರಾ?"

"ಬರೀದೆ ಇರ್ತೀವಾ? ಮದುವೆಗೆ ಹಸೆಗೋಡೆ ಬರೆಯಾಕೂ ನನ್ನೇ ಕರೀತಿದ್ರು."

ಇಷ್ಟು ಉದ್ದ ಅವರು ಮಾತಾಡಿದ್ದು ಇದೇ ಮೊದಲು.

ಹಸೆ ಚಿತ್ತಾರ ನಮ್ಮ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳು ತಲೆಮಾರಿನಿಂದ ಕಾಪಾಡಿಕೊಂಡು ಬಂದ ಕಲೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ನೆಟ್ಟಗಿನ ಎಳೆಗಳು ಒಂದರ ಪಕ್ಕ ಒಂದು ಹೋಗಿ ಮನೆಯಾಗುತ್ತವೆ, ಹಸೆಯಾಗುತ್ತವೆ. ಏನು ಬರೆಯಲಿ ಎಂದು ಯೋಚಿಸಿ ಕೂರುವ ಹಾಗಿಲ್ಲ, ಕೈಗೆ ಎಲ್ಲ ಗೊತ್ತಿರುತ್ತದೆ. ದುಃಖದಲ್ಲಿ ಇರುವವರಿಗೆ ಇದಕ್ಕಿಂತ ದೊಡ್ಡ ಆಸರೆ ಯಾವುದಿದೆ? ಮನಸ್ಸಿಗೆ ದಾರಿ ಕಾಣದಿದ್ದರೂ ಕೈಗೆ ಗೊತ್ತಿರುವ ದಾರಿ ಒಂದಿರುತ್ತದಲ್ಲ.

ಒಂದು ರಟ್ಟು ತೆಗೆದುಕೊಂಡು ಕೆಮ್ಮಣ್ಣು ಬಳಿದೆವು. ಒಣಗಲು ಈ ಮಳೆಯಲ್ಲಿ ಒಳ್ಳೆ ಹೊತ್ತೇ ಹಿಡಿಯಿತು. ಅಷ್ಟರಲ್ಲಿ ಅಕ್ಕಿ ಹಿಟ್ಟು ಕಲಸಿದೆ. ನಾನು ಕೊಟ್ಟ ಅಂಗಡಿ ಬ್ರಶ್ಶನ್ನು ಅವರು ಪಕ್ಕಕ್ಕಿಟ್ಟರು. ಮೂಲೆಯಲ್ಲಿದ್ದ ಗೋಣಿಚೀಲದಿಂದ ನಾರು ಎಳೆದು, ಮಡಚಿ, ಕಟ್ಟಿ ಕುಂಚ ಮಾಡಿಕೊಂಡರು. ಆಮೇಲೆ ಸೀರೆ ಸೆರಗು ಸಿಕ್ಕಿಸಿ ನೆಲದ ಮೇಲೆ ಕೂತು ಬರೆಯತೊಡಗಿದರು. ಎಳೆ ಒಂದೂ ನಡುಗಲಿಲ್ಲ.

ಕೊನೆಗೆ ಒಂದು ಕಡೆ ಜೋಡಿ ಎಳೆಯಲ್ಲಿ ಒಂದು ಅರ್ಧಕ್ಕೇ ನಿಂತಿತು. ಇನ್ನೊಂದು ಕೊನೆಯವರೆಗೆ ಹೋಯಿತು.

ನೋಡಿದವರಿಗೆ ಥಟ್ಟನೆ ಏನನ್ನಿಸುತ್ತದೆ ಎಂದು ಬೇರೆ ಹೇಳಬೇಕಾ? ಗಂಡ ಹೋದರು, ಹೆಂಡತಿ ಉಳಿದರು. ಆದರೆ ನಾನು ಬಾಯಿ ತೆರೆಯಲಿಲ್ಲ. ಚಿತ್ರ ಅವರದು, ಅದರ ಅರ್ಥವೂ ಅವರದೇ. "ಇದರ ಬಗ್ಗೆ ಹೇಳ್ತೀರಾ ಅಕ್ಕಾ?" ಎಂದಷ್ಟೇ ಕೇಳಿದೆ. ಅವರು ಆ ಅರ್ಧ ಎಳೆ ತೋರಿಸಿ, "ಇಲ್ಲಿ ಹಿಟ್ಟು ನೀರಾತು" ಅಂದರು. ಅಷ್ಟೇ. ಆಮೇಲೆ ಬುಟ್ಟಿ ಬರೆಯಲು ಅತ್ತೆ ಹೇಳಿಕೊಟ್ಟಿದ್ದು, ಮಣ್ಣು ಸೋಸಿ ಕೊಡುತ್ತಿದ್ದುದು ಗಂಡ ಎನ್ನುವುದು ತಾನಾಗಿ ಬಂತು. ಗಂಡನ ಹೆಸರು ಹೇಳದೆ "ಅವ್ರು" "ಅವ್ರು" ಅನ್ನುತ್ತಾ ಅತ್ತರು. ನಾನು ಜಾಣತನ ತೋರಿಸಲು ಹೋಗಿ ಆ ಎಳೆಗೆ ಅರ್ಥ ಕಟ್ಟಿದ್ದರೆ ಈ ಮಾತು ಯಾವುದೂ ಬರುತ್ತಿರಲಿಲ್ಲ. ಅವರು ಪಾಪ, "ಹೌದಾ ತಂಗಿ" ಎಂದು ತಲೆಯಾಡಿಸಿ ಎದ್ದು ಹೋಗುತ್ತಿದ್ದರು.

ಇದನ್ನು ಒತ್ತಿ ಹೇಳಲು ಕಾರಣ ಇದೆ. ಮೊಬೈಲ್‌ನಲ್ಲಿ ಈಗ ಎಲ್ಲಿ ನೋಡಿದರೂ ಚಿತ್ರ ಓದುವವರೇ. ಮಗು ಕಪ್ಪು ಬಣ್ಣ ಬಳಸಿದರೆ ಖಿನ್ನತೆಯಂತೆ, ಮರಕ್ಕೆ ಬೇರು ಬರೆಯದಿದ್ದರೆ ಭಯವಂತೆ. ಚಿತ್ತಾರದ ಕಪ್ಪು ಹುರಿದ ಅಕ್ಕಿಯಿಂದ ಬಂದದ್ದು. ಮದುವೆ ಮನೆಯ ಗೋಡೆಯಲ್ಲೂ ಅದೇ ಕಪ್ಪು ಇರುತ್ತದೆ. ಪಟ್ಟಿ ನೋಡಿ ಮನಸ್ಸನ್ನು ಅಳೆಯುವುದು ಬಹಳ ಕ್ರೂರ ಕೆಲಸ ಎಂದೇ ನನಗೆ ಅನ್ನಿಸುತ್ತದೆ.

ನಾನು ನಂಬಿರುವ ದಾರಿ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅವರದು. 1957ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಅವರು, ಮನುಷ್ಯ ಬದಲಾಗಲು ಎದುರಿಗಿರುವವರಲ್ಲಿ ಏನಿರಬೇಕು ಎಂದು ವಿವರಿಸಿದರು. ನೋವಿನಲ್ಲಿ ಬಂದವರ ನೋವನ್ನು ಅವರ ಜಾಗದಿಂದ ನೋಡುವುದು, ಯಾವ ಷರತ್ತೂ ಇಲ್ಲದೆ ಅವರನ್ನು ಒಪ್ಪಿಕೊಳ್ಳುವುದು, ತಾನು ಒಳಗೊಂದು ಹೊರಗೊಂದು ಆಗದಿರುವುದು. ಕೇಳಲು ಸುಲಭ, ದಿನಾ ಮಾಡಲು ಕಷ್ಟ. ಕಾರ್ಲ್ ರೋಜರ್ಸ್ ಅವರ ಮಗಳು ನಟಾಲಿ ರೋಜರ್ಸ್ ಇದಕ್ಕೆ ಚಿತ್ರ, ಕುಣಿತ, ಮಣ್ಣು, ಬರವಣಿಗೆ ಎಲ್ಲವನ್ನೂ ಸೇರಿಸಿದರು. ಒಂದು ಕಲೆಯಿಂದ ಇನ್ನೊಂದಕ್ಕೆ ಹೋಗುತ್ತಾ ಹೋದರೆ ಒಳಗಿನದು ಸ್ವಲ್ಪ ಸ್ವಲ್ಪವೇ ಹೊರಗೆ ಬರುತ್ತದೆ ಎನ್ನುವುದು ಅವರ ಅನುಭವ. ಇಲ್ಲಿ ಚಂದ ಬರಬೇಕೆಂದಿಲ್ಲ. ಯಾರೂ ಬಹುಮಾನ ಕೊಡುವುದಿಲ್ಲ.

ಮಧ್ಯಾಹ್ನ ಸೆಕೆಂಡ್ ಪಿಯು ಹುಡುಗ ಬಂದಿದ್ದ. ಅವನೂ ಒಪ್ಪಿದ್ದರಿಂದಲೇ ಇಷ್ಟು ಬರೆಯುತ್ತಿದ್ದೇನೆ. ಮಣ್ಣು ಹಿಡಿದು ತುಂಬ ಹೊತ್ತು ಬರೀ ಗುದ್ದಿದ. ಗುದ್ದಿದ ಲಯವನ್ನೇ ಮೇಜಿನ ಮೇಲೆ ಬಾರಿಸು ಅಂದೆ, ಬಾರಿಸಿದ. ಆಮೇಲೆ ಬರೆಯಲು ಹಾಳೆ ಕೊಟ್ಟೆ. ಏನು ಬರೆದ ಎಂದು ನಾನು ಓದಲಿಲ್ಲ. ಅವನು ಮಡಚಿ ಜೇಬಿಗೆ ಹಾಕಿಕೊಂಡ.

ಬರವಣಿಗೆಯ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. 1986ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ 4 ದಿನ ಬರೆದರು. ತಮಗಾದ ದೊಡ್ಡ ನೋವನ್ನೂ ಅದರ ಭಾವನೆಯನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋಗಿದ್ದು ಕಡಿಮೆ. ಆದರೆ ಬರೆದ ತಕ್ಷಣ ಅವರ ಮನಸ್ಸು ಭಾರವಾಗಿತ್ತು. ಹಾಗಾಗಿ ಬರೆಸಿದ ಕೂಡಲೇ ಯಾರನ್ನೂ ನಾನು ಬಸ್‌ಸ್ಟ್ಯಾಂಡಿಗೆ ಕಳಿಸುವುದಿಲ್ಲ. ಕೈ ತೊಳೆದುಕೊಳ್ಳಲಿ, ಕಷಾಯ ಕುಡಿಯಲಿ, ಮಳೆ ನೋಡಲಿ. ಉಸಿರು ಹದಕ್ಕೆ ಬಂದ ಮೇಲೆ ಹೊರಡಲಿ.

ಮಲೆನಾಡಿನ ಜನ ಕಷ್ಟಕ್ಕೆ ಆಗುವವರು. ಸಾವಿನ ಮನೆಗೆ ಓಡಿ ಬರುತ್ತಾರೆ, ತೋಟದ ಕೆಲಸಕ್ಕೆ ಹೆಗಲು ಕೊಡುತ್ತಾರೆ. ಆದರೆ ಅಳುವವರ ಎದುರು ಮಾತ್ರ ನಮಗೆ ತಡೆಯುವುದಿಲ್ಲ. "ಅಳಬೇಡ", "ಎಲ್ಲರ ಮನೆಯಲ್ಲೂ ಇದ್ದದ್ದೇ", "ಮಕ್ಕಳ ಮುಖ ನೋಡಿ ಗಟ್ಟಿಯಾಗು" ಅನ್ನುತ್ತೇವೆ. ಪ್ರೀತಿಯಿಂದಲೇ ಅನ್ನುತ್ತೇವೆ. ಕೇಳಿದವರು ನಮ್ಮ ಸಮಾಧಾನಕ್ಕಾಗಿ ಕಣ್ಣೊರೆಸಿಕೊಳ್ಳುತ್ತಾರೆ. ಇವತ್ತು ಆ ಅಕ್ಕ ಅತ್ತಾಗ ನಾನು ಮಾಡಿದ್ದು ಒಂದೇ, ಹಿಟ್ಟಿನ ಬಟ್ಟಲು ಉರುಳದ ಹಾಗೆ ಪಕ್ಕಕ್ಕೆ ಸರಿಸಿದೆ. ಅವರು ಬೇಕಾದಷ್ಟು ಅತ್ತರು.

ಎಲ್ಲವೂ ಬಣ್ಣದಿಂದ ವಾಸಿಯಾಗುತ್ತದೆ ಎಂದು ಮಾತ್ರ ಯಾರೂ ತಿಳಿಯಬಾರದು. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಬಿಟ್ಟಿದ್ದಾರೆ, ಯಾರೂ ಇಲ್ಲದಾಗ ದನಿ ಕೇಳಿಸುತ್ತದೆ, ಸಾಯುವ ಮಾತು ಬರುತ್ತಿದೆ ಅಂದರೆ ಮನೋವೈದ್ಯರೇ ಬೇಕು. ಅಂಥವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಲು ಹೇಳುತ್ತೇನೆ. ಮಾತ್ರೆ ತೆಗೆದುಕೊಳ್ಳುವುದು ನಾಚಿಕೆಯ ವಿಷಯ ಅಲ್ಲವೇ ಅಲ್ಲ. ದೂರದ ಹಳ್ಳಿಯವರಿಗೆ 14416 ನಂಬರಿನ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸೇವೆ, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗಲೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ಫ್ರಿಜ್ ಮೇಲೋ ದೇವರ ಮನೆ ಬಾಗಿಲಿಗೋ ಬರೆದು ಅಂಟಿಸಿ, ದಯವಿಟ್ಟು.

ಸಂಜೆ ಅಕ್ಕನ ಮಗ ಫೋನ್ ಮಾಡಿದ್ದರು. "ಮೇಡಂ, ಅಮ್ಮ ಬರೆದಿದ್ದರ ಅರ್ಥ ಏನು?" ಎಂದು ಕೇಳಿದರು. ಅದನ್ನು ನಾನು ಹೇಳುವ ಹಾಗಿಲ್ಲ, ನೀವೂ ಅಮ್ಮನ ಹತ್ತಿರ ಕೇಳಬೇಡಿ ಅಂದೆ. ಬೇಕಾದರೆ ಮಣ್ಣು ಎಷ್ಟು ಬೇಕು ಎಂದು ಕೇಳಿ, ತಂದು ಸೋಸಿಕೊಡಿ, ಬರೆಯುವಾಗ ಹತ್ತಿರ ಕೂತಿರಿ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮನೆ ಹಿಂದಿನ ದರೆಯಲ್ಲಿ ಒಳ್ಳೆ ಕೆಮ್ಮಣ್ಣು ಇದೆ, ಮುಂದಿನ ಶುಕ್ರವಾರ ನಿಮಗೂ ತರುತ್ತೇನೆ ಅಂದರು. ಗುರುವಾರ ರಾತ್ರಿಯೇ ನಾನು ಅಕ್ಕಿ ನೆನೆಹಾಕಬೇಕು. ಈ ಸಲ ರುಬ್ಬುವಾಗ ನೀರು ಕಡಿಮೆ.